ಕಿರುಬೆರಳಿನ ಸ್ವಾತಂತ್ರ್ಯ

ಇಪ್ಪತ್ತು ವರ್ಷದ ಹಿಂದಿನ ಮಾತು. ಕಾಮಾಕ್ಷಿಪಾಳ್ಯದ ಪುಟ್ಟ ಶಾಲೆಯೊಂದರಲ್ಲಿ ಯುಕೆಜಿ ಮಿಸ್ ಆಗಿ ಸೇರಿ ಎರಡೇ ತಿಂಗಳಾಗಿತ್ತು. ಆಗಸ್ಟ್ ಹದಿನೈದರ ಹಿಂದಿನ ದಿನ ಮಕ್ಕಳಿಗೆ ಹೇಳುತ್ತಿದ್ದೆ: "ಮೊದಲು ಏನು ಮಾಡ್ಬೇಕಾದ್ರೂ ಬ್ರಿಟಿಷರನ್ನ ಕೇಳ್ಬೇಕಿತ್ತು. ಸ್ವಾತಂತ್ರ್ಯ ಬಂತು ನೋಡಿ, ಈಗ ಯಾರನ್ನೂ ಕೇಳ್ಬೇಕಾಗಿಲ್ಲ!"

ಮುಂದಿನ ಬೆಂಚಿನ ಕಾವ್ಯ ಎದ್ದು ನಿಂತಳು. ಒಂದಕ್ಕೆ ಹೋಗಬೇಕಾದಾಗ ನಮ್ಮ ಮಕ್ಕಳು ಎತ್ತುವ ಕಿರುಬೆರಳನ್ನು ಎತ್ತಿ, "ಮಿಸ್, ಇದಕ್ಕೂ ಕೇಳ್ಬೇಕಾಗಿಲ್ವಾ?" ಅಂದಳು.

ನಗು ತಡೆಯಲಾರದೆ "ಇಲ್ಲ ಕಣೇ" ಅಂದುಬಿಟ್ಟೆ. ಅವಳು ಬೆರಳು ಮಡಚಿಕೊಂಡು ಗಂಭೀರವಾಗಿ ಹೊರಟೇ ಹೋದಳು. ಅವಳ ಹಿಂದೆ ಇಡೀ ಕ್ಲಾಸು ಹೋ ಎಂದು ಓಡಿತು. ಹಿಡಿಯಲು ನಾನೂ ಓಡಿದೆ. ಬಾಗಿಲಾಚೆ ಹೆಡ್‌ಮಿಸ್ಟ್ರೆಸ್ ನಿಂತಿದ್ದರು. ನನ್ನ ಕೆಲಸ ಹೋಯಿತು ಅಂದುಕೊಂಡೆ.

"ಯಾರನ್ನ ಕೇಳಿ ಬಂದ್ರಿ?"

"ಯಾರನ್ನೂ ಕೇಳ್ಬೇಕಾಗಿಲ್ಲ ಮೇಡಂ," ಅಂದಳು ಕಾವ್ಯ, "ಬ್ರಿಟಿಷ್ರು ಹೊರಟೋದ್ರು!"

ಮೇಡಂ ನನ್ನ ಮುಖ ನೋಡಿದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವತ್ತಿನಿಂದ ನಮ್ಮ ಕ್ಲಾಸಿನಲ್ಲಿ ಯಾರೂ ಕಿರುಬೆರಳು ಎತ್ತಲಿಲ್ಲ, ಬೇಕಾದಾಗ ಎದ್ದು ಹೋಗಿಬರುತ್ತಿದ್ದರು. ಪಾಠದ ಮಧ್ಯೆ ಹೋಗಬೇಕಾದರೆ ಕೇಳಿಯೇ ಹೋಗಬೇಕು ಅನ್ನುವ ನಿಯಮ ಉಳಿದದ್ದು ಟೀಚರುಗಳಿಗೆ ಮಾತ್ರ.