ಕೌಂಟನ ಕುರ್ಚಿ ಹೊತ್ತವರು

ಈ ಪರದೇಶದ ಸ್ಟರ್ಲಿಂಗ್ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯ ಬಾಗಿಲು ತೆರೆದಿಟ್ಟು ಸಾಮಾನೆಲ್ಲ ಮಾರುತ್ತಾರೆ. ನಾನು ಉಳಿದುಕೊಂಡಿರುವ ಮನೆಯ ಸುಧಾ ಆಂಟಿ ಇಂದು ಅಂಥದೊಂದು ಮನೆಗೆ ಕರೆದೊಯ್ದರು. ಸತ್ತವನು ಬೆಲ್ಜಿಯಂನ ಜಹಗೀರುದಾರ ಮನೆತನದ ಕೌಂಟ್. ಆಗ ಬೆಲ್ಜಿಯಂನ ವಸಾಹತಾಗಿದ್ದ ಕಾಂಗೋದಲ್ಲಿ ಮೊದಲು ಗವರ್ನರ್, ಆಮೇಲೆ ಅಲ್ಲಿನದೇ ಗಣಿ ಕಂಪನಿಯ ನಿರ್ದೇಶಕ, ಕೊನೆಗೆ ಬೆಲ್ಜಿಯಂನಲ್ಲಿ ಮಂತ್ರಿ ಎಂದು ಅವನ ಮಗಳು ಒಪ್ಪಿಸಿದಳು.

ಗೋಡೆಯ ಫೋಟೊದಲ್ಲಿ ಕೌಂಟ್ ನಾಲ್ವರು ಕಾಂಗೋದವರು ಹೊತ್ತ ಕುರ್ಚಿಯಲ್ಲಿ ಕೂತಿದ್ದ. ಕೆಳಗೆ ಅವನ ಹೆಸರಿತ್ತು, ಪಕ್ಕದ ನಾಯಿಯ ಹೆಸರೂ ಇತ್ತು.

“ಹೊತ್ತವರು ಯಾರು?” ಎಂದೆ.

“ಪೋರ್ಟರ್ಸ್,” ಎಂದಳು ಮಗಳು.

ಮೈ ಉರಿಯಿತು.

“ಬಿಡೋ, ಫ್ರೇಮ್ ನೀಟಾಗಿದೆ. ಆ ಫೋಟೊ ತೆಗೆದು ನಮ್ ಫ್ಯಾಮಿಲಿದು ಹಾಕ್ಬಹುದು,” ಎಂದರು ಆಂಟಿ.

ಅಮಲ್ದಾರರಾಗಿದ್ದ ನಮ್ಮ ತಾತ ಡೋಲಿಯಲ್ಲಿ ಕೂತ ಫೋಟೊ ಊರಿನ ಮನೆಯಲ್ಲಿದೆ. ಕಟ್ಟು ಹಾಕಿಸುವಾಗ ಅಳತೆಗೆ ಸರಿಹೋಗಲೆಂದು ಹೊತ್ತವರನ್ನು ಕತ್ತರಿಸಿ ತೆಗೆಸಿದ್ದು ನಾನೇ.