ಹುಳದಕ್ಕನ ಎರಡು ತಟ್ಟೆ
ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಹುಳದಕ್ಕ ಎಂದೇ ಕರೆಯುತ್ತಾರೆ. ಬರಿಗಣ್ಣಿಗೆ ಸರಿಯಾಗಿ ಕಾಣದ ಹುಳಗಳಿಗೆ ಆರ್‌ಎನ್‌ಎ ತುಂಬಿದ ಬ್ಯಾಕ್ಟೀರಿಯಾ ತಿನ್ನಿಸಿ, ಒಂದೊಂದೇ ಜೀನು ಕೆಲಸ ಮಾಡದಂತೆ ಅದರ ಬಾಯಿ ಮುಚ್ಚಿಸಿ, ಹುಳ ಯಾವ ಕೆಲಸ ಮರೆಯಿತೆಂದು ನೋಡುವುದು ಇಪ್ಪತ್ತು ವರ್ಷದಿಂದ ಅವಳ ಕಸುಬು. ಇಷ್ಟಾದರೂ ಆರ್‌ಎನ್‌ಎ ತಿಂದ ಹುಳಗಳಿಗೊಂದು, ತಿನ್ನದವಕ್ಕೊಂದು ಎಂದಿಟ್ಟ ಎರಡು ತಟ್ಟೆಗಳಿಗೆ ತಾನೇ ಅಂಟಿಸಿದ ಚೀಟಿಯನ್ನು ತಾನೇ ನಂಬಳು; ಹಣೆಯ ಮೇಲಿರುವ ಕನ್ನಡಕವನ್ನು ಮೇಜಿನಡಿ ಹುಡುಕುತ್ತಾ, "ಆರ್‌ಎನ್‌ಎ ತಿಂದವು ಇವೋ ಅವೋ?" ಎಂದು ಶಿಷ್ಯೆಯನ್ನು ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಎರಡೂ ತಟ್ಟೆಯ ಹುಳಗಳು ಒಂದೇ ಸಮ ಹರಿದಾಡುತ್ತಿದ್ದರಂತೂ ತಲೆ ಕೆಟ್ಟು ಮೊಸರುಗಡಿಗೆ. "ಜೀನಿನ ಬಾಯಿ ಮುಚ್ಚಿಸಿದ್ದೀನಿ, ಆದರೂ ಕೆಲಸ ನಡೀತಿದೆಯಲ್ಲೇ?" ಎನ್ನುತ್ತಾಳೆ. "ಇನ್ನೊಂದು ಜೀನ್ ಆ ಕೆಲಸ ವಹಿಸಿಕೊಂಡಿರುತ್ತೆ, ಅಕ್ಕಾ," ಎನ್ನುತ್ತಾಳೆ ಶಿಷ್ಯೆ. "ವಹಿಸಿಕೋ ಅಂತ ಅದಕ್ಕೆ ಹೇಳಿದವರು ಯಾರೇ?" ಎಂದು ಹುಳದಕ್ಕ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾಳೆ. ಬೆಳಿಗ್ಗೆ ಅವಳು ಮನೆಗೆ ಬೀಗ ಹಾಕಿ ಎರಡು ಮೆಟ್ಟಿಲಿಳಿದ ಮೇಲೆ "ಬೀಗ ಎಳೆದು ನೋಡಿದ್ಯೇನೇ?" ಎಂದು ಕೇಳುವುದು ಅವಳ ಗಂಡನ ಕೆಲಸವಾಗಿತ್ತು. ಅವನು ತೀರಿಕೊಂಡು ವರ್ಷವಾಯಿತು. ಈಗಲೂ ದಿನಾ ಬೆಳಿಗ್ಗೆ ಎರಡನೇ ಮೆಟ್ಟಿಲ ಮೇಲೆ ಆ ಪ್ರಶ್ನೆ ಗಟ್ಟಿಯಾಗಿಯೇ ಕೇಳಿಬರುತ್ತದೆ. ಕೇಳುವವಳೂ ಅವಳೇ, ಗೊಣಗುತ್ತಾ ಹಿಂದಿರುಗಿ ಬೀಗ ಎಳೆಯುವವಳೂ ಅವಳೇ.