ಸರೋಜವ್ವನ ಬುತ್ತಿಯ ಹಕ್ಕರಕಿ

ಹಂಸಭಾವಿಯ ಬಸ್ ನಿಲ್ದಾಣದೆದುರು ಔಷಧಿ ಅಂಗಡಿ ನಡೆಸುವ ಜಯಶ್ರೀಗೆ ಒಂದು ಹುಚ್ಚು. ಯಾವ ಗುಳಿಗೆ ಕೈಗೆ ಬಂದರೂ ಅದರ ಜಾತಕವನ್ನು ಫೋನಿನಲ್ಲಿ ತೆಗೆದು ಓದಬೇಕು. ಔಷಧಿಯವರಿಗೆಂದೇ ಇರುವ ಜಾಲತಾಣದಲ್ಲಿ ಒಂದೊಂದು ಗುಳಿಗೆಗೂ ಮುಗಿಯದಷ್ಟು ಪುಟಗಳು.

"ಕಾಲೇಜು ಮುಗದು ಹನ್ನೆರಡು ವರ್ಷಾತು, ಇನ್ನೂ ಪರೀಕ್ಷಾ ಬರೀತಿಯೇನ?" ಎಂದು ಗಂಡ ಫಕ್ಕೀರೇಶ ಛೇಡಿಸುತ್ತಿದ್ದ.

ಆ ಓದು ಕೈಹಿಡಿದದ್ದು ಪಕ್ಕದ ಹಳ್ಳಿಯಿಂದ ಗುಳಿಗೆಗೆ ಬರುವ ಸರೋಜವ್ವನ ವಿಷಯದಲ್ಲಿ. ಆಕೆಯ ಹೃದಯದಲ್ಲಿ ಲೋಹದ ಕವಾಟವಿದೆ. ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು, ಅದಕ್ಕೇ ರಕ್ತ ತೆಳುಮಾಡುವ ಗುಳಿಗೆ. ಆದರೆ ಮೂರು ವರ್ಷದಿಂದ ಒಂದೇ ಗೋಳು. ಚಳಿಗಾಲದಲ್ಲಿ ರಕ್ತ ಗಟ್ಟಿ ಎಂದು ಡಾಕ್ಟರು ಗುಳಿಗೆ ಏರಿಸುವರು. ಬೇಸಿಗೆಯಲ್ಲಿ ಅದೇ ಗುಳಿಗೆಗೆ ಒಸಡಿನಿಂದ ರಕ್ತ ಸೋರುವುದು. "ಗುಳಗಿ ತಪ್ಪಿಸಾಕಿ" ಎಂದು ಮನೆಯವರೆಲ್ಲ ಆಕೆಯನ್ನೇ ಬೈಯುತ್ತಿದ್ದರು. ತಿಂಗಳು ತಿಂಗಳು ಗುಳಿಗೆ ಮುಗಿದ ಖಾಲಿ ಪಟ್ಟಿ ತಂದು ತೋರಿಸುವ ಹೆಂಗಸಿಗೆ ಈ ಮಾತೇ? ಜಯಶ್ರೀಗೆ ಮೈಯೆಲ್ಲ ಉರಿಯುತ್ತಿತ್ತು.

ಹಸಿರು ಸೊಪ್ಪು ಈ ಗುಳಿಗೆಯ ಬಲ ಕುಗ್ಗಿಸುತ್ತದೆ ಎಂದು ಜಾಲತಾಣದಲ್ಲಿತ್ತು. ಕೆಳಗೆ ಕೊಟ್ಟ ಸೊಪ್ಪುಗಳ ಹೆಸರೆಲ್ಲ ಪರದೇಶದವು.

"ಸರೋಜವ್ವಾರ, ತಪ್ಪಲ ಪಲ್ಲೆ ಭಾಳ ಮಾಡ್ತೀರೇನ್ರಿ?"

"ಎಲ್ಲೀದವ್ವಾ! ನಮ್ಮನ್ಯಾಗ ದಿನಾ ಬ್ಯಾಳಿನ."

ಅಂದು ಬಸ್ಸು ತಡವಾಯಿತು. ಸರೋಜವ್ವ ಅಂಗಡಿಯ ಕಟ್ಟೆ ಮೇಲೆ ಕುಳಿತು ಬುತ್ತಿ ಬಿಚ್ಚಿದಳು. ರೊಟ್ಟಿಯ ಮೇಲೆ ಹಿಡಿ ತುಂಬ ಹಸಿ ಹಕ್ಕರಕಿ, ಚಳಿಗಾಲಕ್ಕೆ ಹೊಲದಲ್ಲಿ ತಾನಾಗಿ ಹುಟ್ಟಿ ಬೇಸಿಗೆಗೆ ಒಣಗುವ ಸೊಪ್ಪು.

"ಇದೇನ್ರಿ ಮತ್ತ?"

"ಇದ? ಇದನ್ನೇನ್ ಮಾಡೂದೈತಿ, ಹಂಗ ತಿನ್ನೂದು. ಇದಿಲ್ಲಂದ್ರ ರೊಟ್ಟಿ ಇಳಿಯೂದಿಲ್ಲ ನನಗ."

ಜಯಶ್ರೀಯ ಮೈ ಝುಂ ಎಂದಿತು. ಹಂಸಭಾವಿಯ ಹೆಸರನ್ನೇ ಕೇಳದ ಯಾರೋ ಸಮುದ್ರದಾಚೆ ಕುಳಿತು, ಸರೋಜವ್ವನ ಬುತ್ತಿ ಬಿಚ್ಚಿ ನೋಡಿದವರಂತೆ ಬರೆದಿಟ್ಟಿದ್ದರು! ಕೂಡಲೇ ಡಾಕ್ಟರಿಗೆ ಫೋನ್ ಮಾಡಿದಳು.

"ಒಮ್ಮೆಲೇ ಬಿಡೂದು ಬ್ಯಾಡ, ದಿನಾ ಒಂದ ಅಳತಿ ಇರ್ಲಿ. ಸೊಪ್ಪು ಮುಗಿಯೂ ಹೊತ್ತಿಗೆ ರಕ್ತ ತಪಾಸ ಮಾಡಿಸ್ರಿ, ಗುಳಗಿ ಬದಲಿ ಮಾಡೋಣು" ಎಂದರು ಅವರು.

ಆ ಬೇಸಿಗೆಯಲ್ಲಿ ಒಸಡಿನಿಂದ ರಕ್ತ ಸೋರಲಿಲ್ಲ.

ಜಯಶ್ರೀ ಹಕ್ಕರಕಿಯ ಫೋಟೋ ತೆಗೆದು, ನಡೆದದ್ದನ್ನೆಲ್ಲ ಬರೆದು ಜಾಲತಾಣದವರಿಗೆ ಕಳಿಸಿದ್ದಳು. ಉತ್ತರ ಬಂದ ದಿನ ಸರೋಜವ್ವ ಅಂಗಡಿಯಲ್ಲೇ ಇದ್ದಳು. ಈ ಸೊಪ್ಪು ನಮಗೆ ಗೊತ್ತಿರಲಿಲ್ಲ, ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಕೇಳಿದ್ದರು. ಎಲ್ಲ ಬಲ್ಲವರು ತನ್ನನ್ನು ಕೇಳುತ್ತಿದ್ದಾರೆ! ಜಯಶ್ರೀ ಒಂದೊಂದೇ ಅಕ್ಷರ ಒತ್ತಿ ಹಕ್ಕರಕಿ ಎಂದು ಬರೆದಳು.

ಸರೋಜವ್ವ ಫೋನಿನತ್ತ ಬಾಗಿದಳು.

"ನಾ ಗುಳಗಿ ತಪ್ಪಿಸಿದಾಕಿ ಅಲ್ಲಂತನೂ ಬರಿಯವ್ವಾ."